ನಮ್ಮ ಬೀದಿಯವರು ಫೋನ್ ಮಾಡುವಂತಿಲ್ಲ

ನನ್ನ ಹತ್ತಿರ ಒಂದು ಉದ್ದನೆಯ ನೋಟ್‌ಬುಕ್ ಇದೆ. ರಟ್ಟಿನ ಮೇಲೆ ಆರನೇ ತರಗತಿಯ ನನ್ನ ಅಕ್ಷರದಲ್ಲಿ ‘ಪ್ರಶ್ನೆ ಪುಸ್ತಕ’ ಎಂದು ಬರೆದಿದೆ. ಒಳಗೆ ಪ್ರತಿ ಪುಟಕ್ಕೂ ಸ್ಕೇಲಿಟ್ಟು ಗೆರೆ ಎಳೆದು ಅಂಕಣ ಮಾಡಿದ್ದೇನೆ: ಊರು ಅಥವಾ ಬೀದಿ, ಪ್ರಶ್ನೆ, ಅವರು ಹೇಳಿದ ಉತ್ತರ, ಕೊಟ್ಟ ಬಹುಮಾನ. ಈಗ ನಾನು ಚಿತ್ರದುರ್ಗದ ಒಂದು ಕಾಲೇಜಿನ ಗ್ರಂಥಾಲಯದಲ್ಲಿದ್ದೇನೆ. ಪಟ್ಟಿ ಮಾಡುವುದನ್ನು ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ ಕಲಿತೆ. ಆದರೆ ಚಟ ಹತ್ತಿದ್ದು ಈ ನೋಟ್‌ಬುಕ್ಕಿನಿಂದ.

ಹೊಸದುರ್ಗದಲ್ಲಿ ಆಗ ಒಂದು ಲೋಕಲ್ ಕೇಬಲ್ ಚಾನೆಲ್ ಇತ್ತು. ಪಾತ್ರೆ ಅಂಗಡಿಯ ಮೇಲಿನ ಒಂದು ಕೋಣೆ, ಗೋಡೆಗೆ ನೀಲಿ ಬಟ್ಟೆ, ಒಂದು ಕ್ಯಾಮೆರಾ, ಒಂದು ಫೋನು, ಅಷ್ಟೇ ಚಾನೆಲ್. ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ನನ್ನ ಸೋದರಮಾವ, ನಮ್ಮ ಮನೆಯಲ್ಲೇ ಇದ್ದ ಅಮ್ಮನ ತಮ್ಮ, ಅಲ್ಲಿ ಕೂತು ಆಟ ಆಡಿಸುತ್ತಿದ್ದ. ನೋಡುವವರು ಮನೆಯಿಂದ ಫೋನ್ ಮಾಡಬೇಕು, ಮಾವ ಒಂದು ಪ್ರಶ್ನೆ ಕೇಳುತ್ತಾನೆ, ಉತ್ತರ ಹೇಳಿದವರಿಗೆ ಕೆಳಗಿನ ಅಂಗಡಿಯಿಂದ ಒಂದು ಸ್ಟೀಲ್ ಡಬ್ಬಿಯೋ ಇಡ್ಲಿ ಪಾತ್ರೆಯೋ ಸಿಗುತ್ತದೆ. ಪ್ರಶ್ನೆ ಬರೆಯುವುದು ನನ್ನ ಕೆಲಸ. ಶಾಲೆಯ ಪುಸ್ತಕದಿಂದ, ಪೇಪರಿನಿಂದ ಆರಿಸಿ ಬರೆದುಕೊಂಡು, ಕ್ಯಾಮೆರಾದ ಹಿಂದೆ ಒಂದು ಸ್ಟೂಲಿನ ಮೇಲೆ ಕೂತಿರುತ್ತಿದ್ದೆ. ಯಾರಿಗೂ ಕಾಣದ ಆ ಜಾಗ ನನಗೆ ಬಹಳ ಇಷ್ಟವಿತ್ತು.

ಮಾವ ಮೊದಲು ಹೇಳುತ್ತಿದ್ದದ್ದು, “ಟಿವಿ ಸೌಂಡ್ ಕಮ್ಮಿ ಮಾಡ್ರಿ.” ಟಿವಿ ಮುಂದೆಯೇ ಕೂತು ಫೋನ್ ಮಾಡುತ್ತಿದ್ದರಿಂದ ಎಲ್ಲರ ದನಿಯೂ ಎರಡೆರಡು ಸಲ ಕೇಳುತ್ತಿತ್ತು. ಆಮೇಲೆ ಪ್ರಶ್ನೆ. ಉತ್ತರ ತಪ್ಪಾದರೆ ಮಾವ ತಪ್ಪು ಎಂದು ಹೇಳುತ್ತಿರಲಿಲ್ಲ.

“ಅಸ್ಸಾಂ ರಾಜಧಾನಿ ಯಾವ್ದು, ಅಕ್ಕಾರೆ?”

“ಮದ್ರಾಸು.”

“ಹತ್ರ ಬಂದ್ರಿ. ದಿ ಅಂತ ಶುರುವಾಗ್ತೈತೆ. ದಿಸ್...”

“ದಿಸ್ಪುರ?”

“ಟಿಫಿನ್ ಕ್ಯಾರಿಯರ್ ನಿಮ್ದೇ. ನಾಳೆ ಬಂದು ತಗಂಡು ಹೋಗ್ರಿ.”

ನನಗೆ ಸಿಟ್ಟು ಬರುತ್ತಿತ್ತು. ಮದ್ರಾಸು ಅಸ್ಸಾಮಿಗೆ ಹತ್ತಿರವಿಲ್ಲ. ವಾರಪೂರ್ತಿ ಹುಡುಕಿದ ನನ್ನ ಪ್ರಶ್ನೆಗಳನ್ನು ಅವನು ಹೀಗೆ ಬಿಟ್ಟುಕೊಡುವುದು ಸರಿಯಲ್ಲ ಎಂದು ಮನೆಗೆ ಬಂದು ಹೇಳುತ್ತಿದ್ದೆ. ಅವನು ನಗುತ್ತಿದ್ದ. ಫೋನ್ ಮಾಡಿದವರ ಹೆಸರನ್ನೂ ಬರೆಯಬೇಕು ಎಂದರೆ, “ಹೆಸ್ರು ಯಾಕೆ ಪುಟ್ಟಿ, ದನಿ ಐತಲ್ಲ” ಎನ್ನುತ್ತಿದ್ದ. ನಿಜಕ್ಕೂ ಒಂದು ಸಲ ಕೇಳಿದ ದನಿಯನ್ನು ಅವನು ಮರೆಯುತ್ತಿರಲಿಲ್ಲ.

ಅವನು ಹೀಗೆ ಸುಳಿವು ಕೊಡುವುದನ್ನು ನೋಡಿಯೇ ನಾನು ಒಂದು ನಿಯಮ ಮಾಡಿದೆ. ನಮ್ಮ ಬೀದಿ ಮತ್ತು ಹಿಂದಿನ ಎರಡು ಬೀದಿಗಳಲ್ಲಿ ನಮ್ಮ ನೆಂಟರಿದ್ದರು, ಚಿಕ್ಕಂದಿನಿಂದ ಅವನನ್ನು ಎತ್ತಿ ಆಡಿಸಿದವರಿದ್ದರು. ಅವರೂ ಫೋನ್ ಮಾಡಿ ಗೆದ್ದರೆ, ತನ್ನವರಿಗೇ ಪಾತ್ರೆ ಹಂಚುತ್ತಾನೆ ಎಂದು ಊರು ಆಡಿಕೊಳ್ಳುತ್ತದೆ. ಹಾಗಾಗಿ ನಮ್ಮ ಬೀದಿಯವರು, ಎಂದರೆ ಈ ಮೂರೂ ಬೀದಿಯವರು, ಫೋನ್ ಮಾಡುವಂತಿಲ್ಲ. ಇದನ್ನು ಒಂದು ಚೀಟಿಯಲ್ಲಿ ಬರೆದು ಅವನ ಮುಂದಿಟ್ಟೆ. ಅವನು ಪ್ರತಿ ಭಾನುವಾರ ಆಟ ಶುರುಮಾಡುವ ಮೊದಲು ಅದನ್ನು ಓದಿ ಹೇಳುತ್ತಿದ್ದ. ನನಗಾಗ ಹನ್ನೆರಡು ವರ್ಷ. ನ್ಯಾಯವಾದ ಕೆಲಸ ಮಾಡಿದೆನೆಂದು ಬಹಳ ಸಮಾಧಾನವಾಗಿತ್ತು.

ಒಂದು ಭಾನುವಾರ ನಮ್ಮ ಎದುರುಮನೆ ದೊಡ್ಡಮ್ಮ ಫೋನ್ ಮಾಡಿದರು. ಹೆಸರು, ಬೀದಿ ಏನೂ ಹೇಳಲಿಲ್ಲ. ಪ್ರಶ್ನೆ, ನಮ್ಮ ವೇದಾವತಿ ಹೊಳೆ ಎಲ್ಲಿ ಹೋಗಿ ಸೇರುತ್ತದೆ ಎಂದು. ಮಾವನಿಗೆ ದನಿ ಗೊತ್ತಾಗಿತ್ತು. ಗೊತ್ತಿಲ್ಲದವನಂತೆ ಪ್ರಶ್ನೆ ಕೇಳಿಯೂ ಬಿಟ್ಟಿದ್ದ. ನನಗೂ ದನಿ ಗೊತ್ತಾಯಿತು. ಸ್ಟೂಲಿನಿಂದ ಎದ್ದು ನಿಂತು ಕತ್ತರಿಯಂತೆ ಬೆರಳಾಡಿಸಿ, ಕಟ್ ಮಾಡು ಎಂದು ಸನ್ನೆ ಮಾಡಿದೆ. “ತುಂಗಭದ್ರಾ” ಎಂದು ಅವರು ಹೇಳುವುದಕ್ಕೂ ಮಾವ ಫೋನ್ ಇಡುವುದಕ್ಕೂ ಸರಿಹೋಯಿತು. ಅಷ್ಟು ವರ್ಷಗಳಲ್ಲಿ ಅವನು ನಡುವೆ ಕತ್ತರಿಸಿದ ಕರೆ ಅದೊಂದೇ. ನೋಟ್‌ಬುಕ್ಕಿನಲ್ಲಿ ಆ ಸಾಲಿದೆ. ಅದರ ಮೇಲೆ ಸ್ಕೇಲಿಟ್ಟು ಎಳೆದ ಕೆಂಪು ಗೆರೆಯೂ ಇದೆ.

ಸೆಟ್‌ಟಾಪ್ ಬಾಕ್ಸ್ ಬಂದ ಮೇಲೆ ಲೋಕಲ್ ಚಾನೆಲ್ ನಿಂತಿತು. ನಾನು ಓದಲು ಹೊರಗೆ ಹೋದೆ. ಮಾವ ಬಸ್‌ಸ್ಟ್ಯಾಂಡಿನ ಹತ್ತಿರ ಮೊಬೈಲ್ ರಿಪೇರಿ ಅಂಗಡಿ ಇಟ್ಟ. ದಾರಿಯಲ್ಲಿ ಯಾರಾದರೂ ಅವನನ್ನು ನೋಡಿ “ಹತ್ರ ಬಂದ್ರಿ” ಎಂದರೆ ಅವನ ಮುಖ ಅರಳುತ್ತಿತ್ತು. ವರ್ಷ ಕಳೆದಂತೆ ಹಾಗೆ ಹೇಳುವವರೂ ಕಡಿಮೆಯಾದರು. “ಎಲ್ಲರ ಫೋನಿನ ದನಿ ಸರಿ ಮಾಡ್ತೀನಿ. ನಂಗೆ ಮಾತ್ರ ಯಾರೂ ಫೋನ್ ಮಾಡಲ್ಲ” ಎಂದು ಒಮ್ಮೆ ತಮಾಷೆಗೆ ಎಂಬಂತೆ ಹೇಳಿದ್ದ. ಅದು ತಮಾಷೆಯಲ್ಲ ಎಂದು ನನಗೂ ಅಮ್ಮನಿಗೂ ತಿಳಿದಿತ್ತು.

ಪುರಸಭೆ ಚುನಾವಣೆ ಬಂದಾಗ ಅಂಗಡಿಯ ಮುಂದೆ ಟೀ ಕುಡಿಯುವವರು ಅವನನ್ನು ಹುರಿದುಂಬಿಸಿದರು. “ದೊಡ್ಡ ಚಾನೆಲ್‌ನಾಗೆ ಆಟ ಆಡಿಸ್ದೋರು ಎಮ್ಮೆಲ್ಲೆಗೇ ನಿಲ್ತಾರೆ. ನಿಮ್ಮ ವಾರ್ಡಿಗೆ ನಿಲ್ಲಕ್ಕೆ ನಿಂಗೇನಾಗೈತಪ್ಪ?” ಮಾವ ಪಕ್ಷೇತರನಾಗಿ ಅರ್ಜಿ ಹಾಕಿದ. ಟಿವಿ ಗುರುತು ಕೇಳಿದ, ಸಿಕ್ಕಿತು. ಅದನ್ನು ಹೇಳಲು ಫೋನ್ ಮಾಡಿದಾಗ ಅವನ ದನಿ ಹಳೆಯ ಭಾನುವಾರಗಳ ದನಿಯಾಗಿತ್ತು. ನಾನು ರಜೆ ಹಾಕಿ, ಹೊಳಲ್ಕೆರೆ ಮೇಲೆ ಬರುವ ಬಸ್ ಹಿಡಿದು ಊರಿಗೆ ಬಂದೆ. ಮನೆಮನೆಗೆ ಹೋಗಿ ಮಾತನಾಡುವುದು ನನಗೆ ಆಗದ ಕೆಲಸ. ಕರಪತ್ರ ತಿದ್ದುತ್ತೇನೆ, ಜೊತೆಗೆ ನಡೆಯುತ್ತೇನೆ ಎಂದೆ.

ಮೊದಲ ಮೂರು ದಿನ ನಾವು ನಡೆದದ್ದೇ ನಡೆದದ್ದು. ಯಾವ ಬಾಗಿಲಿಗೆ ಹೋದರೂ ಒಳಗೆ ಮೊದಲು ಟಿವಿ ಸೌಂಡ್ ಕಡಿಮೆಯಾಗುತ್ತಿತ್ತು. ಅದನ್ನು ಕೇಳಿ ಮಾವ ನನ್ನ ಕಡೆ ನೋಡಿ ಹುಬ್ಬು ಹಾರಿಸುತ್ತಿದ್ದ. ಕೊಬ್ಬರಿ ಮಂಡಿಯ ಹಿಂದಿನ ಒಂದು ಮನೆಯಲ್ಲಿ ವಯಸ್ಸಾದ ಹೆಂಗಸೊಬ್ಬರು ಬಾಗಿಲಿಗೆ ಬಂದು, “ಯಾರಪ್ಪ?” ಎಂದರು.

ಅಷ್ಟು ಸಾಕಾಯಿತು. “ನೀವು ಆನೆಗೆ ಎಷ್ಟು ದಂತ ಅಂದ್ರೆ ನಾಕು ಅಂದೋರು” ಎಂದ ಮಾವ.

“ಅಯ್ಯೋ ನಮ್ಮಪ್ಪನೆ. ಬರ್ರಿ ಒಳಗೆ, ಕುಂತ್ಕಳ್ರಿ. ಆ ಡಬ್ಬಿನಾಗೇ ಇವತ್ತಿಗೂ ಸಕ್ರೆ ಹಾಕಾದು.” ಡಬ್ಬಿ ತಂದು ತೋರಿಸಿದರು. ಮುಚ್ಚಳ ಸೊಟ್ಟಗಾಗಿತ್ತು. ಅದರಿಂದಲೇ ಸಕ್ಕರೆ ತೆಗೆದು ಕಾಫಿ ಮಾಡಿದರು.

ಹೊರಗೆ ಬಂದ ಮೇಲೆ ನಾನು ಮತದಾರರ ಪಟ್ಟಿ ಬಿಡಿಸಿ, “ಇದು ನಿನ್ನ ವಾರ್ಡಲ್ಲ ಮಾವ” ಎಂದೆ.

“ಗೊತ್ತು. ಇಲ್ಲಿ ತನಕ ಬಂದು ಮಾತಾಡಿಸ್ದೆ ಹೋಗಾಕಾಗ್ತೈತಾ?”

ಮರುದಿನ ಊರಾಚೆಯ ಹಾಲುರಾಮೇಶ್ವರಕ್ಕೇ ಹೋಗಿದ್ದೆವು, ಬೈಕಿನಲ್ಲಿ. ಅಲ್ಲಿಯ ಒಬ್ಬರು ಹಿಂದೆ ಮೂರು ವಾರ ಫೋನ್ ಮಾಡಿ ಮೂರು ಸಲವೂ ಗೆದ್ದಿದ್ದರು. ಅವರು ಪುರಸಭೆಗೆ ಓಟು ಹಾಕುವವರೇ ಅಲ್ಲ. ದೇವರ ಪ್ರಸಾದದ ತೆಂಗಿನಕಾಯಿ ಕೊಟ್ಟು, “ಗೆದ್ದೇ ಗೆಲ್ತೀಯ” ಎಂದು ಹರಸಿದರು. ಹಿರಿಯೂರಿಗೆ ಮದುವೆಯಾಗಿ ಹೋದ ಒಬ್ಬಳು, ಶಾಲೆಯಲ್ಲಿದ್ದಾಗ ಊಟದ ಡಬ್ಬಿ ಗೆದ್ದವಳು, ವಿಷಯ ತಿಳಿದು ಅಲ್ಲಿಂದ ಫೋನ್ ಮಾಡಿದಳು. ಮಾವನಿಗೆ ಆ ಮೂರು ದಿನ ಊಟ ತಿಂಡಿಯ ನೆನಪೇ ಇರಲಿಲ್ಲ. ನಾಳೆಯಾದರೂ ವಾರ್ಡಿನಲ್ಲೇ ಇರೋಣ ಎಂದು ನಾನು ಹೇಳಬೇಕಾಯಿತು.

ನಾಲ್ಕನೆಯ ದಿನ ನಮ್ಮ ಬೀದಿ. ಮೊದಲ ಮನೆ ಎದುರುಮನೆ ದೊಡ್ಡಮ್ಮನದು. ಅವರು ಜಗಲಿ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಮಾವ ಕರಪತ್ರ ಕೊಟ್ಟ. ಅವರು ಅದನ್ನು ತೊಡೆಯ ಮೇಲಿಟ್ಟುಕೊಂಡು, ಸಿಪ್ಪೆಯನ್ನು ಅದರ ಮೇಲೇ ಹಾಕತೊಡಗಿದರು.

“ಟಿವಿ ಗುರುತು, ಅಕ್ಕ” ಎಂದ ಮಾವ.

“ಕಾಣ್ತೈತೆ. ಆ ಟಿವಿನಾಗೆ ವಾರ ವಾರ ಹೇಳಿದ್ಯಲ್ಲ, ನಮ್ಮ ಬೀದಿಯೋರು ಫೋನ್ ಮಾಡಂಗಿಲ್ಲ ಅಂತ. ಆಟಕ್ಕೆ ಬ್ಯಾಡಾದೋರು ಓಟಿಗೆ ಬೇಕಾದ್ವೇನಪ್ಪ?”

“ಅದು ಹಳೇ ಮಾತು ಬಿಡಕ್ಕ.”

“ನಿಂಗೆ ಹಳೇದು. ಲೇ ತಮ್ಮ, ನೀನು ಕೂಸಾಗಿದ್ದಾಗ ನಿಮ್ಮವ್ವ ಹೊಲಕ್ಕೆ ಹೋದ್ರೆ ನಿಂಗೆ ಹಾಲು ಕುಡ್ಸಿದ್ದು ನಾನು. ನನ್ನ ದನಿ ಕೇಳಿ ಫೋನ್ ಇಟ್ಯಲ್ಲ.” ಇದನ್ನು ಅವರು ದನಿ ಏರಿಸದೆ, ಕಾಯಿ ಸುಲಿಯುತ್ತಲೇ ಹೇಳಿದರು.

ಮುಂದಿನ ಮನೆಗಳಲ್ಲಿ ಇಷ್ಟು ನೇರವಾಗಿ ಯಾರೂ ಅನ್ನಲಿಲ್ಲ. ಆದರೆ ಯಾರ ಮನೆಯಲ್ಲೂ ಟಿವಿ ಸೌಂಡ್ ಕಡಿಮೆಯಾಗಲಿಲ್ಲ. ಹಿಂದಿನ ಬೀದಿಯಲ್ಲಿ ಒಬ್ಬರು, “ನಮ್ಗೇನು ಡಬ್ಬಿ ಕೊಟ್ಟಿದ್ಯಾ?” ಎಂದು ನಕ್ಕರು. ಮಾವನೂ ನಕ್ಕ. ಉಳಿದ ಮನೆಗಳಲ್ಲಿ ಕರಪತ್ರ ಮಾತ್ರ ಕೊಟ್ಟು ಬಂದ.

ಆ ಮಧ್ಯಾಹ್ನ ಅಟ್ಟದಿಂದ ನೋಟ್‌ಬುಕ್ ಇಳಿಸಿ ಬೀದಿಯ ಅಂಕಣವನ್ನು ಮೇಲಿಂದ ಕೆಳಗೆ ನೋಡುತ್ತ ಹೋದೆ. ಪುಟ ಪುಟಕ್ಕೂ ಊರಿನ ಎಲ್ಲ ಕಡೆಯವರೂ ಇದ್ದರು, ಸುತ್ತಲಿನ ಹಳ್ಳಿಯವರಿದ್ದರು. ಮಾವನ ವಾರ್ಡು ಎಂದರೆ ನಮ್ಮ ಬೀದಿ ಮತ್ತು ಹಿಂದಿನ ಎರಡು ಬೀದಿ, ನಾನು ಹನ್ನೆರಡನೇ ವಯಸ್ಸಿನಲ್ಲಿ ಹೊರಗಿಟ್ಟ ಅದೇ ಮೂರು. ಅಲ್ಲಿಂದ ಇದ್ದದ್ದು ಒಂದೇ ಸಾಲು, ಕೆಂಪು ಗೆರೆಯ ಸಾಲು. ಅವನನ್ನು ಇಷ್ಟಪಡುವವರಲ್ಲಿ ಒಬ್ಬರೂ ಅವನಿಗೆ ಓಟು ಹಾಕುವಂತಿರಲಿಲ್ಲ. ಹಾಕಬಲ್ಲವರನ್ನು ನಾನೇ ದೂರ ಇಟ್ಟಿದ್ದೆ.

ನೋಟ್‌ಬುಕ್ ತೆಗೆದುಕೊಂಡು ಅಂಗಡಿಗೆ ಹೋದೆ. ಮಾವ ಒಂದು ಮೊಬೈಲ್ ಬಿಚ್ಚಿಟ್ಟುಕೊಂಡು ಸಣ್ಣ ಬ್ರಷ್‌ನಿಂದ ಧೂಳು ತೆಗೆಯುತ್ತಿದ್ದ. ಹೇಗೆ ಶುರು ಮಾಡಬೇಕೆಂದು ದಾರಿಯುದ್ದಕ್ಕೂ ಯೋಚಿಸಿಕೊಂಡು ಬಂದಿದ್ದೆ. ಅದೇನೂ ನೆನಪಾಗದೆ, “ಆ ನಿಯಮ ನಂದು” ಎಂದೆ.

“ಯಾವ್ದು?”

“ನಮ್ಮ ಬೀದಿಯವರು ಫೋನ್ ಮಾಡಬಾರದು ಅನ್ನೋದು. ದೊಡ್ಡಮ್ಮನಿಗೆ ನಾನು ಹೇಳ್ತೀನಿ. ಕಟ್ ಮಾಡು ಅಂತ ಸನ್ನೆ ಮಾಡಿದ್ದೂ ನಾನೇ.”

ಅವನು ತಲೆ ಎತ್ತಲಿಲ್ಲ. “ಬ್ಯಾಡ. ಬರ್ದಿದ್ದು ನೀನು, ಓದಿದ ಬಾಯಿ ನಂದಲ್ವಾ?”

“ಯಾಕೆ ಇಷ್ಟು ವರ್ಷ ಯಾರಿಗೂ ಹೇಳಲಿಲ್ಲ?”

“ಏನಂತ ಹೇಳ್ಲಿ? ಸಣ್ಣ ಕೂಸು ಮಾಡಿದ ರೂಲ್ಸು, ಅದ್ರ ಮ್ಯಾಲೆ ಬೇಜಾರಾಗ್ರಿ ಅಂತಾನಾ?” ಬ್ರಷ್ ಕೆಳಗಿಟ್ಟ. “ನೀನು ಹೇಳಿದ್ದು ತಪ್ಪಲ್ಲ ಪುಟ್ಟಿ. ನೀನು ಹತ್ರ ಬಂದಿದ್ದೆ. ಮನೆಮನೆಗೆ ಹೋಗಿ, ಹಿಂಗೆ ಮಾಡ್ತಿದೀವಿ, ಬೇಜಾರು ಮಾಡ್ಕಬ್ಯಾಡ್ರಿ ಅಂತ ಒಂದು ಮಾತು ಹೇಳಬೇಕಿತ್ತು. ಅಷ್ಟು ನಂಗೆ ಹೊಳೀಲಿಲ್ಲ.”

ಹತ್ತಿರ ಬಂದೆ ಎನ್ನುವ ಆ ಮಾತನ್ನು ಅವನು ಊರಿಗೆಲ್ಲ ಹೇಳಿದ್ದನ್ನು ಕೇಳಿದ್ದೆ, ನನಗೆ ಹೇಳಿದ್ದು ಅದೇ ಮೊದಲು. ಬರುವ ಭಾನುವಾರ ಬೀದಿಯವರಿಗೆಲ್ಲ ಆಟ ಆಡಿಸೋಣ, ಬಹುಮಾನ ಇಲ್ಲದೆ, ಸುಮ್ಮನೆ ಎಂದೆ. ಮಾವ ಬೇಡವೆಂದ.

“ಈಗ ಆಡ್ಸಿದ್ರೆ ಓಟಿಗೆ ಆಡ್ಸಿದಂಗೆ. ಆಗ್ಲಿ, ಮುಗೀಲಿ. ಆಮೇಲೆ ಆಡಾಣ.”

ಉಳಿದ ದಿನಗಳಲ್ಲಿ ಅವನು ವಾರ್ಡು ಬಿಟ್ಟು ಹೊರಗೆ ಹೋಗಲಿಲ್ಲ. ಮೂರು ಬೀದಿಯ ಪ್ರತಿ ಮನೆಯ ಜಗಲಿಯಲ್ಲೂ ಕೂತ. ಓಟಿನ ಮಾತಿಗಿಂತ ಮೊದಲು, “ಅವತ್ತು ಹಂಗೆ ಮಾಡಬಾರ್ದಿತ್ತು” ಎಂದ. ಕೆಲವರು ಒಳಗೆ ಕರೆದರು. ದೊಡ್ಡಮ್ಮ ಕರೆಯಲಿಲ್ಲ. ಆದರೆ ಎರಡನೆಯ ಸಲ ಹೋದಾಗ ಕೂರಲು ಒಂದು ಮಣೆ ಸರಿಸಿಕೊಟ್ಟರು.

ಮಾವ ಸೋತ. ಅಂತರ ದೊಡ್ಡದಾಗಿರಲಿಲ್ಲ, ಒಂದು ಬಸ್ಸಿನಲ್ಲಿ ಹಿಡಿಸುವಷ್ಟು ಜನ ಆಚೆಯಿಂದ ಈಚೆಗೆ ಬಂದಿದ್ದರೆ ಗೆಲ್ಲುತ್ತಿದ್ದ. ಎಣಿಕೆ ಮುಗಿದು ತಾಲ್ಲೂಕು ಆಫೀಸಿನ ಗೇಟಿನಿಂದ ಹೊರಗೆ ಬರುವಾಗ ಗುಂಪಿನಲ್ಲಿ ಯಾರೋ “ಹತ್ರ ಬಂದ್ರಿ” ಎಂದು ಅವನದೇ ಮಾತನ್ನು ಕೂಗಿದರು. ಅಣಕವೋ ಸಮಾಧಾನವೋ ತಿಳಿಯಲಿಲ್ಲ. ಅವನು ಅತ್ತ ಕೈ ಎತ್ತಿದ. ಮನೆಗೆ ಬಂದು, ಅಮ್ಮ ಇಟ್ಟ ಊಟ ಮಾಡಿ, ಅಂಗಡಿ ತೆಗೆಯಲು ಹೋದ. ಅಮ್ಮ ಬಾಗಿಲಲ್ಲೇ ನಿಂತು ಅವನು ತಿರುವು ದಾಟುವವರೆಗೂ ನೋಡಿದಳು.

ಭಾನುವಾರ ನಾನು ಚಿತ್ರದುರ್ಗಕ್ಕೆ ಹೊರಡಬೇಕಿತ್ತು. ಚೀಲ ತುಂಬುತ್ತಿದ್ದೆ. ಹನ್ನೊಂದಕ್ಕೆ ಸ್ವಲ್ಪ ಮೊದಲು ಬೀದಿಯಲ್ಲಿ ಸದ್ದು ಕೇಳಿ ಹೊರಗೆ ಬಂದರೆ, ದೊಡ್ಡಮ್ಮ ನಮ್ಮ ಜಗಲಿಯ ಮೇಲೆ ಕೂತಿದ್ದರು. ಅವರ ಹಿಂದೆ ಇನ್ನೂ ನಾಲ್ಕೈದು ಹೆಂಗಸರು. ಮಾವ ಬಾಗಿಲಲ್ಲಿ ಬನಿಯನ್ನಿನಲ್ಲೇ ನಿಂತಿದ್ದ.

“ಓಟು ಮುಗೀತಲ್ಲ. ಇನ್ನ ಆಡ್ಸು” ಎಂದರು ದೊಡ್ಡಮ್ಮ. “ನಾನು ನಿಂಗೆ ಹಾಕ್ದೆ ಅಂತೇನೂ ತಿಳ್ಕಬ್ಯಾಡ.”

“ಕೇಳಿದ್ನಾ ಅಕ್ಕ ನಾನು?”

ಅವನು ಒಳಗೆ ಹೋಗಿ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದ. ನನ್ನ ಕಡೆ ಕೈ ಚಾಚಿದ. ನೋಟ್‌ಬುಕ್ ತಂದು, ಕೆಂಪು ಗೆರೆಯಿರುವ ಪುಟ ತೆಗೆದು ಕೊಟ್ಟೆ. ಅವನು ಅದನ್ನು ನೋಡಿ ಗಂಟಲು ಸರಿಮಾಡಿಕೊಂಡ.

“ನಮ್ಮ ವೇದಾವತಿ ಹೊಳೆ ಎಲ್ಲಿ ಹೋಗಿ ಸೇರ್ತೈತೆ, ಅಕ್ಕಾರೆ?”

ದೊಡ್ಡಮ್ಮ ಹುಟ್ಟಿದ್ದು ಆ ಹೊಳೆಯ ದಂಡೆಯ ಹಳ್ಳಿಯಲ್ಲಿ. ಅವರು ಯೋಚಿಸುವವರಂತೆ ಮೇಲೆ ನೋಡಿದರು.

“ಕಾವೇರಿ” ಎಂದರು.

ಮಾವ ನೋಟ್‌ಬುಕ್ ಮುಚ್ಚಿದ. ಆಮೇಲೆ, “ಹತ್ರ ಬಂದ್ರಿ” ಎಂದ. “ತು ಅಂತ ಶುರುವಾಗ್ತೈತೆ. ತುಂ...”

ಬಸ್ಸಿನಲ್ಲಿ ಕೂತು ನೋಟ್‌ಬುಕ್ಕಿನ ಖಾಲಿ ಪುಟದಲ್ಲಿ ಒಂದು ಹೊಸ ಸಾಲು ಬರೆದೆ. ಬೀದಿ: ನಮ್ಮದು. ಪ್ರಶ್ನೆ: ವೇದಾವತಿ. ಬಹುಮಾನ: ಇಲ್ಲ. ಉತ್ತರದ ಜಾಗದಲ್ಲಿ ಏನು ಬರೆಯುವುದೆಂದು ಹೊಳಲ್ಕೆರೆ ಬರುವವರೆಗೂ ಯೋಚಿಸಿದೆ. ಅವರು ಹೇಳಿದ್ದನ್ನೇ ಬರೆಯಬೇಕು ಎನ್ನುವುದು ಆ ಅಂಕಣದ ನಿಯಮ. ‘ಕಾವೇರಿ’ ಎಂದು ಬರೆದೆ, ಸರಿ ಎಂದು ಗುರುತು ಹಾಕಿದೆ.