ದಾರಿಯಲ್ಲಿ ಕರೆದರೆ ಚರ್ಚಿಗೆ ಯಾರು ಬರುತ್ತಾರೆ

ಮೂರು ತಿಂಗಳಿಂದ ದಿನಕ್ಕೊಬ್ಬರನ್ನು ಚರ್ಚಿಗೆ ಕರೆಯುತ್ತಿದ್ದೇನೆ, ಗೆಳೆಯರೇ. ಬಂದವರು ಒಬ್ಬರೂ ಇಲ್ಲ. ಇವತ್ತೂ ಯಾರೂ ಹೂಂ ಅನ್ನದಿದ್ದರೆ ಈ ರೂಢಿ ಬಿಟ್ಟೇಬಿಡುವುದೆಂದು ನಿರ್ಧರಿಸಿ ಬೆಳಿಗ್ಗೆ ಹೊರಟೆ. ಬನಹಟ್ಟಿಯ ನಮ್ಮ ಓಣಿಯ ಗಂಗವ್ವ ನೂಲಿನ ಲಡಿ ಹೊತ್ತು ಎದುರಾದರು. ಕರೆದೆ.

ಗಂಗವ್ವ ನಿಂತರು. “ತಮ್ಮಾ, ಇದು ಮೂರನೇ ಸಲ. ಮೂರೂ ಸಲ ದಾರ್ಯಾಗ ಕರದಿ. ನಾ ಏನ್ ಬಸ್ಸಿನ ಪ್ಯಾಸೆಂಜರ್ ಏನ?”

“ಮತ್ತ ಹೆಂಗ ಕರೀಬೇಕ್ರಿ ಅವ್ವಾರ?”

“ಹೆಣ್ತಿನ್ನ ಕರಕೊಂಡ ಮನಿಗೆ ಬಾ. ಎಲಿ ಅಡಕಿ ಕೊಟ್ಟ ಕರಿ. ಮದವಿಗೆ ಹೆಂಗ ಕರೀತಿ?”

ಸಂಜೆ ಇಬ್ಬರೂ ಹೋದೆವು. ಹೆಂಡತಿ ಎಲೆ ಅಡಿಕೆ ಕೊಟ್ಟಳು. ಗಂಗವ್ವ ಚಹಾ ಕೊಟ್ಟು, ಎಲೆ ಬಾಯಿಗಿಟ್ಟು, “ಈಗ ಆತ ನೋಡ. ಐತವಾರ ಬರ್ತೀವಿ” ಎಂದರು.

“ಬರ್ತೀವಿ ಅಂದ್ರ?”

“ಮನಿಗೆ ಬಂದ ಕರದ್ರ ಮನಿ ಮಂದಿನೆಲ್ಲಾ ಕರದಂಗ. ಹದಿನಾಲ್ಕ ಮಂದಿ ಅದೀವಿ. ಊಟ ಎಷ್ಟಕ್ಕ?”

ನಮ್ಮ ಚರ್ಚಿನಲ್ಲಿ ಆರಾಧನೆಯ ನಂತರ ಕೊಡುವುದು ಚಹಾ ಮತ್ತು ಎರಡು ಬಿಸ್ಕೀಟು. ಅದನ್ನು ಹೇಳಲು ನಾನು ಬಾಯಿ ತೆರೆಯುವಷ್ಟರಲ್ಲಿ ಹೆಂಡತಿ, “ಒಂದ ಗಂಟೇಕ್ರಿ” ಎಂದುಬಿಟ್ಟಳು. ಮನೆಯ ದಾರಿಯುದ್ದಕ್ಕೂ ಅವಳದು ಬರೀ ರೊಟ್ಟಿಯ ಲೆಕ್ಕ.

ಮನೆಗೆ ಬಂದು ಪಾಸ್ಟರಿಗೆ ಫೋನ್ ಮಾಡಿದೆ. ಹದಿನಾಲ್ಕು ಎಂದಾಗ ಅವರು ಎರಡು ಸಲ ಕೇಳಿ ಖಚಿತ ಮಾಡಿಕೊಂಡರು. ಈ ಸಲ ನಿಮ್ಮ ಉಪದೇಶ ಚಿಕ್ಕದಿರಲಿ ಎಂದೆ. ದೇವರ ಮಾತನ್ನು ನಮ್ಮ ಓಣಿಯವರು ಎಷ್ಟು ಹೊತ್ತಾದರೂ ಕೇಳಿಯಾರು. ಆದರೆ ಊಟ ತಡವಾದ ಕರೆಯನ್ನು ಮೂರು ತಲೆಮಾರು ಮರೆಯುವುದಿಲ್ಲ.