ಕಂಡದ್ದನ್ನು ಕಂಡ ಹಾಗೆ

ಸೇನೆಯ ಜೀಪು ಉರುಳಿ ತಲೆಗೆ ಪೆಟ್ಟಾದ ಮೇಲೆ ನನ್ನ ಯಜಮಾನರು ಮೊದಲ ಸಲ ರಜೆಗೆ ಬಂದಿದ್ದರು. ಗಿರಿನಗರದ ಮನೆಯಲ್ಲಿ ಊಟ ಬಡಿಸುತ್ತಿದ್ದೆ. ಅನ್ನ ಕಲಸುತ್ತಿದ್ದ ಕೈ ನಿಂತಿತು. ಕಣ್ಣು ಗೋಡೆಯಲ್ಲಿ ನೆಟ್ಟಿತು. ತುತ್ತಿಲ್ಲದ ಬಾಯಿ ಚಪ್ಪರಿಸುತ್ತಲೇ ಇತ್ತು.

"ರೀ..."

ಕೇಳಿಸಲಿಲ್ಲ.

ಸ್ವಲ್ಪ ಹೊತ್ತಿಗೆ, ಏನೂ ಆಗದವರಂತೆ, "ಇನ್ನೊಂಚೂರು ಸಾರು ಹಾಕು ಸುಧಾ" ಅಂದರು.

ಅತ್ತೆ ದೃಷ್ಟಿ ತೆಗೆದರು. ಆಯಾಸವೇ ಇರಬೇಕೆಂದು ನನಗೆ ನಾನೇ ಹೇಳಿಕೊಂಡೆ. ಇವರು ನಿವೃತ್ತರಾದ ಮೇಲೆ ಒಂದು ದಿನ ಬನಶಂಕರಿ ಮಾರ್ಕೆಟ್‌ನಲ್ಲಿ ಬಿದ್ದು, ಮೈಯೆಲ್ಲ ಸೆಟೆದುಕೊಂಡಾಗಲೇ ಅದಕ್ಕೆ ಎಪಿಲೆಪ್ಸಿ ಎಂಬ ಹೆಸರು ಸಿಕ್ಕಿದ್ದು.

ಅಂಗವೈಕಲ್ಯ ಪಿಂಚಣಿಗೆ ಅರ್ಜಿ ಹಾಕಿದೆವು. ಮೆಡಿಕಲ್ ಬೋರ್ಡ್ ತಳ್ಳಿಹಾಕಿತು. ತಲೆಯ ಪೆಟ್ಟು ಸಣ್ಣದು, ಸೇವೆಯಲ್ಲಿದ್ದಾಗ ಫಿಟ್ಸ್ ಬಂದ ದಾಖಲೆ ಇಲ್ಲ, ಎರಡಕ್ಕೂ ಸಂಬಂಧವಿಲ್ಲ.

"ನಾನೇನ್ ಸುಳ್ ಹೇಳ್ತಿದೀನಾ?" ಇವರು ತಟ್ಟೆ ದೂಡಿ ಎದ್ದರು.

ಜಯನಗರದ ನ್ಯೂರಾಲಜಿಸ್ಟ್ ಮಾತ್ರ ರಿಪೋರ್ಟುಗಳನ್ನು ಪಕ್ಕಕ್ಕಿಟ್ಟು ನನ್ನ ಕಡೆ ತಿರುಗಿದರು. "ಇಇಜಿ ನಾರ್ಮಲ್ ಬಂದ್ರೂ ಫಿಟ್ಸ್ ಇರಬಹುದಮ್ಮ. ಅವರಿಗೆ ಜ್ಞಾಪಕ ಇರಲ್ಲ, ನೋಡಿರೋರು ನೀವು. ಯಾಕೆ ಬಂತು ಅನ್ನೋದನ್ನ ನಾನು ಬರೀತೀನಿ. ಬೋರ್ಡಿಗೆ ಅಪೀಲು ಹಾಕಿ, ನೀವು ಕಂಡಿದ್ದಷ್ಟೇ ಹೇಳಿ. ಹೆಚ್ಚೂ ಬೇಡ, ಕಮ್ಮೀನೂ ಬೇಡ."

ಕಮ್ಮಿ ಎಂಬ ಆ ಮಾತೇ ನನ್ನನ್ನು ಕೊರೆಯಿತು. ನಾನು ಯಾರಿಗೂ ಹೇಳದೆ ಉಳಿಸಿಕೊಂಡದ್ದೊಂದಿತ್ತು.

ಮೇಲ್ಮನವಿಯ ದಿನ ಬೋರ್ಡ್ ಮುಂದೆ ಇವರು ನನ್ನ ಪಕ್ಕದಲ್ಲೇ ಕುಳಿತಿದ್ದರು. ಊಟದ ಹೊತ್ತಿನಲ್ಲಿ ಕಂಡದ್ದನ್ನು ಹೇಳಿದೆ.

"ಸುಸ್ತಾಗಿರಬಹುದಲ್ವಾ ಮೇಡಂ? ನೀವೇನ್ ಡಾಕ್ಟರ್ ಅಲ್ವಲ್ಲ," ಅಂದರು ಬೋರ್ಡಿನ ಡಾಕ್ಟರೊಬ್ಬರು.

"ಅಲ್ಲ ಸಾರ್. ಆದ್ರೆ ಅದೇ ರಜೇಲಿ ಇನ್ನೊಂದ್ಸಲ ನೋಡಿದೀನಿ. ರಿಂಗ್ ರೋಡಲ್ಲಿ ಮಗಳ ಕೈ ಹಿಡ್ಕೊಂಡು ನಿಂತಿದ್ರು. ಹಂಗೇ ಬಾಯಿ ಚಪ್ಪರಿಸೋಕೆ ಶುರುವಾಯ್ತು. ಅವಳನ್ನ ಎಳ್ಕೊಂಡು ಸೀದಾ ಬಸ್ಸಿಗೆ ಎದುರಾಗಿ ನಡೆದ್ರು. ಕೂಗ್ದೆ, ತಿರುಗಲಿಲ್ಲ. ಇಬ್ಬರನ್ನೂ ಹಿಂದಕ್ಕೆ ಎಳೆದೆ."

ಇವರಿಗೆ ಅದು ಗೊತ್ತಿರಲಿಲ್ಲ.

ಗೊತ್ತಾದರೆ ಮಗಳನ್ನು ಮುಟ್ಟುವುದನ್ನೇ ಬಿಟ್ಟುಬಿಡುತ್ತಾರೆಂದು ಇಷ್ಟು ವರ್ಷ ಬಾಯಿಬಿಟ್ಟಿರಲಿಲ್ಲ. ಈಗ ಅದನ್ನು ಪರಿಚಯವಿಲ್ಲದವರ ಮುಂದೆ ಹೇಳಬೇಕಾಯಿತು. ಪಕ್ಕಕ್ಕೆ ತಿರುಗಿ ಇವರ ಮುಖ ನೋಡುವ ಧೈರ್ಯ ಬರಲಿಲ್ಲ.

ವಾಪಸು ಬರುವಾಗ ಆಟೋದಲ್ಲಿ, ಮನೆ ಹತ್ತಿರವಾದಾಗ ಕೇಳಿದರು, "ಪಾಪೂಗೆ ಏಟಾಗಿತ್ತಾ?"

"ಇಲ್ಲ ರೀ. ಒಂದು ಚಪ್ಪಲಿ ಹೋಯ್ತು ಅಷ್ಟೇ."

ನಾನು ಕಂಡದ್ದನ್ನೂ ನ್ಯೂರಾಲಜಿಸ್ಟ್ ಬರೆದದ್ದನ್ನೂ ಜೊತೆಗಿಟ್ಟು ನೋಡಿದ ಬೋರ್ಡ್, ಕಾಯಿಲೆಗೆ ಆ ಪೆಟ್ಟೇ ಕಾರಣವೆಂದು ಕಳೆದ ತಿಂಗಳು ಒಪ್ಪಿತು. ಫಿಟ್ಸ್ ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ. ಬಂದು ಹೋದ ಮೇಲೆ ಇವರು ಮೊದಲು "ಪಾಪು ಎಲ್ಲಿ?" ಎನ್ನುತ್ತಾರೆ. ಆಮೇಲೆ "ನಾನೇನ್ ಮಾಡ್ದೆ, ಹೇಳು" ಎನ್ನುತ್ತಾರೆ.

ಹೇಳುತ್ತೇನೆ. ಇಬ್ಬರಿಗೂ ಅಷ್ಟರಮಟ್ಟಿಗೆ ಹಗುರ.