ಬೊಲ್ಲನ ರಕ್ತದಲ್ಲಿದ್ದ ಓಟಗಾರರು

ಇಚಿಲಂಪಾಡಿಯ ಸರ್ವೋತ್ತಮ ರೈಗಳು ತಮ್ಮ ಮೀಸೆಗೂ ಕಂಬಳದ ಕೋಣ ಬೊಲ್ಲನಿಗೂ ಒಂದೇ ಎಣ್ಣೆ ಹಚ್ಚುವ ಮನುಷ್ಯ. ಬೊಲ್ಲ ಗೆದ್ದರೆ ತಾವೇ ನಾಲ್ಕು ಕಾಲಲ್ಲಿ ಓಡಿಬಂದವರ ಹಾಗೆ ಏದುಸಿರು ಬಿಡುತ್ತಿದ್ದರು. ಹಾಗಾಗಿ ಬೊಲ್ಲ ಹಟ್ಟಿಯ ಕಂಬ ಕಿತ್ತು, ಅವನನ್ನು ನೋಡಿಕೊಳ್ಳುವ ಲತೀಶನನ್ನು ಕೊಂಬಲ್ಲೆತ್ತಿ ಗೋಡೆಗೆ ಬಡಿದು ಮುಂಗೈ ಮುರಿದಾಗ ರೈಗಳಿಗೆ ಒಳಗೊಳಗೇ ಹೆಮ್ಮೆ. ಅದು ಓಟದ ಜೋಶ್ ಅಂತೆ. ಬೊಲ್ಲನ ಮೈ ಕೆಂಡವಾಗಿದ್ದಕ್ಕೆ ಹುರುಳಿಯ ಉಷ್ಣವೆಂದು ಹೇಳಿ, ಮತ್ತಷ್ಟು ಹುರುಳಿ ಬೇಯಿಸಿದರು.

ರಜೆಗೆ ಬಂದಿದ್ದ ತಂಗಿಯ ಮಗಳು ಪ್ರೀತಿಕಾ ನಂಬಲಿಲ್ಲ. ರಕ್ತದಲ್ಲಿ ಈಜುವ ಏಕಕೋಶದ ಪರೋಪಜೀವಿಗಳೇ ಅವಳ ಸಂಶೋಧನೆಯ ವಿಷಯ. ಬೊಲ್ಲನ ಕಿವಿಯಿಂದ ಹನಿ ರಕ್ತ ತೆಗೆಸಿ, ಕಡಬದ ಪಶುವೈದ್ಯರ ಸೂಕ್ಷ್ಮದರ್ಶಕದಲ್ಲಿ ಮಾವನಿಗೇ ತೋರಿಸಿದಳು. ಚಾಟಿಯಂಥ ಎಳೆ ಬೀಸುತ್ತ, ರಕ್ತಕಣಗಳನ್ನು ಗುದ್ದಿ ಕೆಡವುತ್ತ ಆ ಜೀವಿಗಳು ನುಗ್ಗುತ್ತಿದ್ದವು.

"ಈ ಚಾಟಿಯ ತುದಿಯಲ್ಲಿರುವ ಪ್ರೋಟೀನು ಬೇರೆ, ಬುಡದ್ದು ಬೇರೆ ಮಾವ. ಅಲೆ ತುದಿಯಿಂದ ಎದ್ದರೆ ಮುಂದಕ್ಕೆ ಓಟ. ತುದಿಯದ್ದನ್ನು ತೆಗೆದ್ರೆ ದಿಕ್ಕು ತಪ್ಪಿ ನಿಂತಲ್ಲೇ ಸುತ್ತುತ್ತದೆ."

"ಎಡಕ್ಕೆ ಕಟ್ಟುವ ಕೋಣವನ್ನು ಬಲಕ್ಕೆ ಕಟ್ಟಿದ ಹಾಗೆ," ಎಂದರು ರೈಗಳು, ಇಡೀ ವಿಜ್ಞಾನವನ್ನು ತಾವೇ ಸಾಕಿದವರಂತೆ.

ವೈದ್ಯರು ಈಗಲೇ ಇಂಜೆಕ್ಷನ್ ಬೇಕೆಂದರು, ತಡವಾದರೆ ಇವು ಮಿದುಳಿಗೇರಿ ಕೋಣ ಉಳಿಯಲಿಕ್ಕಿಲ್ಲವೆಂದರು. ಮದ್ದಿನಿಂದ ಕೋಣ ಸುಸ್ತಾದೀತೆಂದು ರೈಗಳು ಭಾನುವಾರದ ಕಂಬಳ ಮುಗಿಯಲಿ ಎಂದರು.

ಮರುದಿನ ಕೆಸರುಗದ್ದೆಯಲ್ಲಿ ಅಭ್ಯಾಸಕ್ಕಿಳಿದ ಬೊಲ್ಲ ಓಡಲಿಲ್ಲ. ನಿಂತಲ್ಲೇ ಸುತ್ತಿದ. ನೊಗ ಮುರಿಯಿತು. ಜೋಡಿ ಕೋಣ ಕುಟ್ಟಿಯ ಪಕ್ಕೆಗೆ ಕೊಂಬಿಳಿಸಿ ಚರ್ಮ ಸೀಳಿದ. ಅಡ್ಡ ಹೋಗಿ ಗದರಿಸಿದ ರೈಗಳನ್ನು ಎತ್ತಿ ಒಗೆದು, ಕೆಸರಲ್ಲಿ ಒತ್ತಿ ತುಳಿದ. ಆಮೇಲೆ ಮುರಕಲ್ಲಿನ ಕಟ್ಟೆಗೆ ಹಣೆ ಜಜ್ಜತೊಡಗಿದ. ಒಂದು ಕೊಂಬು ಬುಡಸಮೇತ ಕಿತ್ತು ಬಂತು. ಆದರೂ ನಿಲ್ಲಲಿಲ್ಲ. ಕಲ್ಲಿನ ಕೆಂಪು ಯಾವುದು, ರಕ್ತದ್ದು ಯಾವುದು ಗೊತ್ತಾಗದ ಹಾಗಾದ ಮೇಲೆ ಮಗುಚಿ ಬಿದ್ದು, ಕಾಲು ಝಾಡಿಸಿ ಸತ್ತ.

ಪುತ್ತೂರಿನ ಆಸ್ಪತ್ರೆಯಲ್ಲಿ ಪಕ್ಕೆಲುಬು ಮುರಿದು ಮಲಗಿದ್ದ ರೈಗಳು, ನೋಡಲು ಬಂದವರಿಗೆಲ್ಲ ಪ್ರೋಟೀನಿನ ಬಗ್ಗೆ ಉಪನ್ಯಾಸ ಕೊಟ್ಟರು. ಬೊಲ್ಲನ ಹೆಸರು ಬಂದಲ್ಲಿ ಮಾತ್ರ ಕೆಮ್ಮು ಬರುತ್ತಿತ್ತು. ಕೆಮ್ಮಿದರೆ ಎದೆ ಸೀಳುವ ನೋವು.

ಎಲ್ಲರೂ ಹೋದ ಮೇಲೆ ಪ್ರೀತಿಕಾ ಕೇಳಿದಳು: "ಕುಟ್ಟಿಯ ರಕ್ತದಲ್ಲೂ ಉಂಟು ಮಾವ. ಭಾನುವಾರದವರೆಗೆ ಕಾಯುದಾ?"

ರೈಗಳು ಗೋಡೆಯ ಕಡೆ ತಿರುಗಲು ನೋಡಿದರು, ಆಗಲಿಲ್ಲ.

"ಈಗಲೇ ಹೋಗಿ ಚುಚ್ಚಿಸು ಮಾರಾಯ್ತಿ," ಎಂದರು. "ನನ್ನನ್ನು ಕೇಳ್ಲಿಕ್ಕೆ ನಿಲ್ಬೇಡ."